ಅಳತೆಯ ಕುಬಸ

ಇವತ್ತಿಗೂ ಯಾರಾದರೂ ನನ್ನ ಮುಂದೆ ಮಿರ್ಚಿ ಭಜಿ ತಂದಿಟ್ಟರೆ ಮೊದಲು ನನಗೆ ಸಿಟ್ಟು ಬರುತ್ತದೆ, ಆಮೇಲೆ ಬಾಯಲ್ಲಿ ನೀರು ಬರುತ್ತದೆ. ಎರಡೂ ನಿಜ, ಎರಡನ್ನೂ ಮುಚ್ಚಿಡುವ ವಯಸ್ಸು ನನ್ನದಲ್ಲ. ಅಜ್ಜಿಗೆ ತಿನ್ನುವ ಚಟ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರಿಗೆ ಬೇಕಾದ ಬಟ್ಟೆ ಬೇಕಾದಾಗ ಸಿಗುತ್ತದೆ, ಬೇಕಾದ ತಿಂಡಿ ಮನೆ ಬಾಗಿಲಿಗೆ ಬರುತ್ತದೆ. ನಾವು ಒಂದು ದಿನದ ಸುಖಕ್ಕಾಗಿ ವರ್ಷವಿಡೀ ಕಾಯುತ್ತಿದ್ದೆವು, ಅದು ಬಂದ ದಿನ ಹೇಗೆ ಬಂತೆಂದು ಹೇಳುತ್ತೇನೆ.

ಅದು ದೊಡ್ಡ ಯುದ್ಧದ ಕಾಲ. ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಗಿರಣಿ ಅರಿವೆಗೂ ಚೀಟಿ. ನೂಲು ಸಿಗದೆ ಮಗ್ಗಗಳು ನಿಂತು ಒಳ್ಳೆಯ ಇಲಕಲ್ ಸೀರೆಯೇ ಅಪರೂಪವಾಗಿತ್ತು. ನಮ್ಮದು ತಿಕೋಟಾ. ಅಪ್ಪ ಇರಲಿಲ್ಲ, ಹೊಲಮನೆ ನೋಡುತ್ತಿದ್ದವನು ಕಾಕಾ. ನನ್ನ ಒಬ್ಬಳೇ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಮದುವೆಯಾಗಿ ಎಷ್ಟೋ ವರ್ಷ ಅವಳ ಮಡಿಲು ತುಂಬಲಿಲ್ಲ. ಅತ್ತೆಯ ಮನೆಯಲ್ಲಿ ಇನ್ನೊಂದು ಹೆಣ್ಣು ತರುವ ಮಾತು ಎದ್ದು ಕೂತಾಗಲೇ ಅಕ್ಕನ ಮುಟ್ಟು ನಿಂತಿತು, ಹೊಟ್ಟೆ ಮುಂದೆ ಬಂತು. ಅವ್ವ ಆ ಸುದ್ದಿ ಕೇಳಿದ ದಿನ ಓಣಿಗೆಲ್ಲ ಬೆಲ್ಲ ಹಂಚಿದ್ದಳು.

ನಮ್ಮ ಕಡೆ ಬಸುರಿಗೆ ಏಳು ತಿಂಗಳು ತುಂಬಿದಾಗ ತವರಿನವರು ಹಸಿರು ಸೀರೆ, ಹಸಿರು ಬಳೆ, ಖಣದ ಕುಬಸ ಮತ್ತು ಬುತ್ತಿ ಹೊತ್ತುಕೊಂಡು ಹೋಗಿ ಉಡಿ ತುಂಬುತ್ತಾರೆ. ಖಣ ಎಂದರೆ ರವಿಕೆಯ ಅರಿವೆ, ಕುಬಸ ಎಂದರೆ ತೊಡುವ ರವಿಕೆ. ಆ ಕಾರ್ಯಕ್ಕೂ ಕುಬಸ ಎಂದೇ ಹೆಸರು. ಸೀರೆ ತಾನೇ ಆರಿಸಬೇಕೆಂದು ಅಕ್ಕ ಹಟ ಹಿಡಿದಳು, ಬಸುರಿಯ ಬಯಕೆ ಎಂದು ಅತ್ತೆ ತಿಕೋಟಾಕ್ಕೆ ಕಳಿಸಿಕೊಟ್ಟಳು. ಅಕ್ಕ ಚಕ್ಕಡಿ ಇಳಿದಾಗ ಅವ್ವನ ಮುಖ ಕಪ್ಪಿಟ್ಟಿತು. ಹೊಟ್ಟೆ ಮಾತ್ರ ಬೆಳೆದಿತ್ತು, ಕೈಕಾಲು ಒಣಗಿ ಕಟ್ಟಿಗೆಯಾಗಿದ್ದವು. ಕೂಸು ಒದೆಯುತ್ತದೆಯೇ ಎಂದು ಅವ್ವ ಕೇಳಿದರೆ ಅಕ್ಕ ಮಾತು ತಪ್ಪಿಸುತ್ತಿದ್ದಳು. ಹೇಗೂ ಸೀರೆಗೆ ವಿಜಾಪುರಕ್ಕೆ ಹೋಗುವುದಿದೆ, ದವಾಖಾನೆಯಲ್ಲೂ ಒಂದು ಸಲ ತೋರಿಸಿಬಿಡೋಣ ಎಂದು ಅವ್ವ ಗಟ್ಟಿ ಮಾಡಿದಳು.

ನಸುಕಿನಲ್ಲೇ ಹೊರಟೆವು. ಕಾಕಾ ಎತ್ತು ಹೊಡೆಯುತ್ತಿದ್ದ. ಬುತ್ತಿಯ ಗಂಟು ಅವ್ವನ ತೊಡೆಯ ಮೇಲೆ, ತನ್ನದೇ ಒಂದು ಸಣ್ಣ ಗಂಟು ಅಕ್ಕನ ಮಗ್ಗುಲಲ್ಲಿ. ನಾನು ದೊಡ್ಡವಳಾಗಿ ಸಾಲಿ ಬಿಡಿಸಿ ಮನೆಯಲ್ಲಿ ಕೂರಿಸಿದ ವರ್ಷ ಅದು. ಊರು ಬಿಟ್ಟು ಹೊರಬಿದ್ದದ್ದೇ ನನಗೆ ಹಬ್ಬ. ದೂರದಲ್ಲಿ ಗುಮ್ಮಟ ಕಂಡಾಗಿನಿಂದ ನಾನು ಬಾಯಿ ಮುಚ್ಚಲಿಲ್ಲ, ಅಕ್ಕನೂ ನನ್ನ ಹರಟೆಗೆ ನಗುತ್ತಲೇ ಇದ್ದಳು.

ದವಾಖಾನೆಯಲ್ಲಿ ಡಾಕ್ಟರಬಾಯಿ ಅಕ್ಕನನ್ನು ನೋಡಿ ಹೊರಗೆ ಕಳಿಸಿದರು. ಅಕ್ಕ ಕಾಕಾನ ಹತ್ತಿರ ಚಕ್ಕಡಿಯಲ್ಲಿ ಹೋಗಿ ಕೂತಳು. ಅವ್ವನನ್ನು ಒಳಗೆ ಕರೆದರು. ಅವ್ವನ ಚಪ್ಪಲಿ ಹಿಡಿದುಕೊಂಡು ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

“ಕೂಸ ಅಲ್ಲಬೇ ಅದು, ಗಡ್ಡಿ ಐತಿ. ಭಾಳ ತಡಾ ಮಾಡೀರಿ,” ಅಂದರು ಡಾಕ್ಟರಬಾಯಿ.

“ಏಳ ತಿಂಗಳಾತ್ರಿ ಬಾಯಾರ. ಹೊಟ್ಟಿ ಇಷ್ಟ ಬಂದೈತಿ. ಕೂಸ ಇಲ್ಲ ಅಂದ್ರ ಹೆಂಗ್ರಿ?”

“ಮಿರಜಿ ದೊಡ್ಡ ದವಾಖಾನಿಗೆ ಒಯ್ದ್ರೂ ಈಗ ಕೊಯ್ಯಾಕ ಬರೂದಿಲ್ಲ. ಸುಮ್ನ ಹಿಂಸಾ ಕೊಡಬ್ಯಾಡ್ರಿ. ಆಕಿ ಏನ ಬೇಡತಾಳ ಅದನ್ನ ಕೊಡ್ರಿ.”

ಅವ್ವ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು, ವಿಭೂತಿ ಅಳಿಸಿ ಹಣೆಯೆಲ್ಲ ಬೆಳ್ಳಗಾಯಿತು. ನನ್ನ ರಟ್ಟೆ ಹಿಡಿದಳು. “ಅಕ್ಕನ ಮುಂದ ಒಂದ ಮಾತ ಆಡಿದಿ ಅಂದ್ರ ನಿನ್ನ ನಾಲಿಗಿ ಕೀಳ್ತೀನಿ. ಕುಬಸ ಮಾಡೂದ ಮಾಡೂದ. ಇಷ್ಟ ವರ್ಷ ಕಾದಾಳ ನನ್ನ ಮಗಳು. ನಕ್ಕೋತ ಇರಲಿ.” ಆ ದಿನ ನಮಗಿದ್ದ ಕೆಲಸ ಅದೊಂದೇ: ಅಕ್ಕನಿಗೆ ಗೊತ್ತಾಗಬಾರದು. ಅಳಬೇಡ ಎನ್ನುವುದು ಸುಲಭ, ಅಳದೆ ಇರುವ ಬಗೆ ಯಾವ ಅವ್ವನೂ ಕಲಿಸಿಕೊಡುವುದಿಲ್ಲ.

ಚಕ್ಕಡಿಯಲ್ಲಿ ಅವ್ವ ಹಸಿ ಸುಳ್ಳು ಹೇಳಿದಳು. “ಕೂಸ ಸಣ್ಣದೈತಂತ ಮಗಳ. ಚಲೋ ಉಣಬೇಕಂತ.”

“ಹೌದನ?” ಅಂದಳು ಅಕ್ಕ. ಅವ್ವನ ಹಣೆಯನ್ನು ತನ್ನ ಬೆರಳಿಂದ ಒರೆಸಿ ವಿಭೂತಿ ಸರಿ ಮಾಡಿದಳು. “ಹಂಗಾದ್ರ ನಡೀ ಬೇ, ಮೊದಲ ಅರಿವಿ ಅಂಗಡಿಗೆ.”

ಈಗ ಗಾಂಧಿ ಚೌಕ ಅನ್ನುತ್ತಾರಲ್ಲ, ಆ ಕಡೆಗೆ ಸಾಲು ಅಂಗಡಿಗಳು. ಚಪ್ಪಲಿ ಬಿಟ್ಟು ಬಿಳಿ ಗಾದಿಯ ಮೇಲೆ ಕೂತೆವು. ಸಾಹುಕಾರ ಸೀರೆಯ ಮೇಲೆ ಸೀರೆ ಬಿಚ್ಚಿ ಎಸೆದ. ಯುದ್ಧದ ಕಾಲದಲ್ಲೂ ಅಷ್ಟು ಬಣ್ಣ ಒಂದೇ ಕಡೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಹೊಸ ಅರಿವೆಯ ಗಂಜಿವಾಸನೆ ನನಗೆ ಹೋಳಿಗೆಯ ವಾಸನೆಯಷ್ಟೇ ಇಷ್ಟ. ಎದೆಯಲ್ಲಿ ಅಷ್ಟು ಸಂಕಟವಿದ್ದರೂ ಮೂಗು ಅದನ್ನು ಬಿಡಲಿಲ್ಲ. ಅಕ್ಕ ಎಲ್ಲವನ್ನೂ ಮುಟ್ಟಿದಳು, ದಡಿ ನೇಯ್ದ ಬಗೆ ನೋಡಿದಳು, ಇದು ಬೇಡ, ಇದು ಮಂಕು, ಇದು ಮುದುಕಿಯರದು ಎಂದು ಸರಿಸಿದಳು. ಕಡೆಗೆ ಎಳೆಯ ಜೋಳದ ಗರಿಯಂಥ ಹಸಿರು, ಕೆಂಪು ದಡಿ, ಕೆಂಪು ಸೆರಗಿನದು ಹಿಡಿದಳು. ಅದನ್ನು ನನ್ನ ಹೆಗಲ ಮೇಲೆ ಹೊದಿಸಿದಳು. “ನನ್ನ ಮೈಮ್ಯಾಲೆ ನನಗ ಕಾಣೂದಿಲ್ಲ. ನೀ ಹೊಳ್ಳಿ ನಿಂದರು, ನೋಡತೀನಿ.” ಬಹಳ ಹೊತ್ತು ನೋಡಿದಳು.

ಅವ್ವ ಅಂಗಡಿಗೆ ಹೋದರೆ ಸಾಹುಕಾರರು ಬೆವರುತ್ತಿದ್ದರು, ಅಷ್ಟು ಚೌಕಾಶಿ. ಅವತ್ತು ಹೇಳಿದಷ್ಟಕ್ಕೆ ಸೊಂಟದ ಚೀಲ ಬಿಚ್ಚಿಬಿಟ್ಟಳು. “ಯವ್ವಾ, ಏನಾಗೇತಿ ನಿನಗ ಇವತ್ತ?” ಎಂದು ಅಕ್ಕ ನಕ್ಕಳು. ಅವ್ವ ಗಾಬರಿಯಾಗಿ, ಆಮೇಲೆ ನೆನಪಾದವಳ ಹಾಗೆ ಜಗಳ ತೆಗೆದಳು. ಅವಳು ಕೂಗಾಡಿದ್ದು ನಾಟಕ ಎಂದು ನನಗೆ ಗೊತ್ತಿತ್ತು, ಕಣ್ಣಲ್ಲಿ ನೀರಿತ್ತು. ಸಾಹುಕಾರ ಹೆದರಿ ಬೆಲೆ ಇಳಿಸಿದ.

ಅದೇ ಅಂಗಡಿಯ ಕಟ್ಟೆಯ ಮೇಲೆ ಸಿಂಪಿಗ ಮಷೀನು ಇಟ್ಟುಕೊಂಡು ಕೂತಿದ್ದ. ಆಗ ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಹಳೆಯ ಕುಬಸ ಒಂದು ಕೊಡಬೇಕು, ಅದೇ ಅಳತೆ. ಅವ್ವ ಸೀರೆ ಕಟ್ಟಿಸಿಕೊಳ್ಳುತ್ತ ಒಳಗೇ ಇದ್ದಳು. ಅಕ್ಕ ಹೊಸ ಖಣದ ಜೊತೆ ತನ್ನ ಗಂಟು ಬಿಚ್ಚಿ ಅಳತೆಯ ಕುಬಸ ತೆಗೆದಳು. ಅದು ನನ್ನದು. ಕಂಕುಳಲ್ಲಿ ಹರಿದಲ್ಲಿ ನಾನೇ ವಕ್ರವಕ್ರವಾಗಿ ಹಾಕಿದ ಹೊಲಿಗೆ ಕಾಣುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕಣ್ಣು ಸನ್ನೆ ಮಾಡಿದಳು. “ನಾ ಸೊರಗೀನಿ. ಈಗ ನಿಂದ ನನಗ ಬರತೈತಿ. ಅವ್ವಗ ಹೇಳಬ್ಯಾಡ, ಮರಗತಾಳ.” ಅವಳು ಸೊರಗಿದ್ದು ನಿಜವೇ ಆಗಿತ್ತು, ನಾನು ನಂಬಿದೆ. ಆಮೇಲೆ ಸಿಂಪಿಗನಿಗೆ ಹೇಳಿದಳು: “ಒಳಗ ಎರಡೂ ಕಡೆ ಅರಿವಿ ಭಾಳ ಬಿಡ್ರಿ. ಮುಂದ ಸಡಲ ಮಾಡಾಕ ಬರಬೇಕ.”

ಹೊಲಿಗೆ ಮುಗಿಯುವವರೆಗೆ ಭಜಿ. ಮರ್ಯಾದಸ್ಥ ಹೆಂಗಸರು ಹೋಟೆಲಿನೊಳಗೆ ಕಾಲಿಡುತ್ತಿರಲಿಲ್ಲ, ಕಾಕಾ ಎಲೆಯಲ್ಲಿ ಕಟ್ಟಿಸಿಕೊಂಡು ಚಕ್ಕಡಿಗೆ ತಂದ. ಬೆರಳುದ್ದದ ಮೆಣಸಿನಕಾಯಿ, ಮೇಲೆ ಗರಿಗರಿ ಕಡಲೆಹಿಟ್ಟು, ಎಣ್ಣೆ ಇನ್ನೂ ಚುರುಗುಡುತ್ತಿತ್ತು. ಅಕ್ಕ ಒಂದು ಕಚ್ಚಿ ಕಣ್ಣು ಮುಚ್ಚಿಕೊಂಡಳು, “ಯಪ್ಪಾ, ಏನ ರುಚಿ!” ಅಂದಳು. ಅಷ್ಟೇ ಅವಳಿಗೆ ಸೇರಿದ್ದು. ಉಳಿದದ್ದನ್ನೆಲ್ಲ ನನ್ನ ಕಡೆ ತಳ್ಳಿದಳು. “ನೀ ತಿನ್ನ. ನೀ ಚಲೋತ್ನಾಗ ತಿನಬೇಕ.” ನಾನು ತಿಂದೆ. ಅಳು ಮುಚ್ಚಲು ಭಜಿಯಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ, ಕಣ್ಣಲ್ಲಿ ನೀರು ಬಂದರೆ ಖಾರ ಅನ್ನಬಹುದು. ಅವ್ವನೂ ನನ್ನ ನೋಡಿ ಒಂದು ಕೈಗೆತ್ತಿಕೊಂಡಳು.

ತಿರುಗಿ ಬರುವಾಗ ತೊರವಿಯಲ್ಲಿ ಇಳಿಯಬೇಕೆಂದು ಅಕ್ಕನ ಹಟ. ಹಾಳು ಮಹಲಿನ ಹತ್ತಿರ ಹುಣಸೆಮರದ ನೆರಳಿನಲ್ಲಿ ಕಂಬಳಿ ಹಾಸಿ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ನಾವು ಹಿಂಡಿ ಎನ್ನುವ ಗುರೆಳ್ಳ ಚಟ್ನಿಪುಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಗಾಳಿ ಚೆನ್ನಾಗಿತ್ತು. ಯಾರಾದರೂ ದೂರದಿಂದ ನೋಡಿದ್ದರೆ ನಮ್ಮಷ್ಟು ಸುಖಿಗಳು ಇಲ್ಲ ಅನ್ನುತ್ತಿದ್ದರು. ಊಟವಾದ ಮೇಲೆ ಅವ್ವ ಪಾತ್ರೆ ತೊಳೆಯಲು ಬಾವಿಗೆ ಹೋದಳು, ನನಗೆ ಗೊತ್ತು, ಅಲ್ಲಿ ಅವಳು ಮನಸಾರೆ ಅತ್ತಳು. ಅಕ್ಕ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿ ತನ್ನ ಗಂಡನ ವಿಷಯ ಹೇಳತೊಡಗಿದಳು. ಅಕ್ಕನ ಗಂಡನನ್ನು ನಾವು ಮಾವ ಅನ್ನುತ್ತೇವೆ.

“ನಿಮ್ಮ ಮಾವಗ ಹಿಂಡ್ಯಾಗ ಬಳ್ಳೊಳ್ಳಿ ಜಾಸ್ತಿ ಬೇಕ. ಬಾಯಿಲೇ ಹೇಳೂದಿಲ್ಲ, ಸುಮ್ನ ತಾಟ ಸರಸತಾನ. ಅತ್ತಿ ಬಾಯಿ ಜೋರ ಐತಿ, ಎದುರ ಮಾತಾಡಬಾರದು. ತಾಸಿಗೆಲ್ಲ ಮರತಬಿಡತಾಳ.”

“ನನಗ್ಯಾಕ ಹೇಳತಿ ಬೇ ಇದನ್ನೆಲ್ಲ?” ಅಂದೆ. ನಿದ್ದೆ ಬರುತ್ತಿತ್ತು.

“ಸುಮ್ನ,” ಅಂದಳು.

ಕುಬಸದ ದಿನ ಬರಲೇ ಇಲ್ಲ. ಅಕ್ಕ ಬಬಲೇಶ್ವರಕ್ಕೆ ಹೋದವಳು ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಜೈನಾಪುರದ ದಾರಿಯ ಹೊಲದಲ್ಲಿ ಅವಳನ್ನು ಮಣ್ಣು ಮಾಡಿದರು. ಮುತ್ತೈದೆ ಎಂದು ಅದೇ ಹಸಿರು ಸೀರೆ ಉಡಿಸಿದರು. ಅದರ ಜೊತೆಯ ಕುಬಸಕ್ಕಾಗಿ ಹೆಂಗಸರು ಮನೆಯೆಲ್ಲ ಹುಡುಕಿದರು, ಸಿಗಲಿಲ್ಲ. ಹೆಣದ ಮುಂದೆ ಕುಬಸ ಹುಡುಕುವ ಆ ಗದ್ದಲ ನೋಡಿ ಎಲ್ಲರನ್ನೂ ಬೈದು ಹೊರಗೆ ಹಾಕಬೇಕೆನಿಸಿತ್ತು ನನಗೆ.

ವರ್ಷ ತುಂಬುವ ಮೊದಲೇ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತು ಬೀಗತನ ಕಡಿಯಬಾರದು ಅಂದರು. ಎಲೆ ಅಡಿಕೆ ಹಂಚಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೀಗೆ ನಾನು ಮಾವನ ಹೆಂಡತಿಯಾಗಿ ಬಬಲೇಶ್ವರಕ್ಕೆ ಹೋದೆ. ಆತ ಕೆಟ್ಟವನಲ್ಲ. ಮೊದಲ ದಿನ ಹಿಂಡಿ ಬಡಿಸಿದಾಗ ಸುಮ್ಮನೆ ತಾಟು ಸರಿಸಿದ. ಮರುದಿನ ನಾನು ಬೆಳ್ಳುಳ್ಳಿ ಹೆಚ್ಚು ಹಾಕಿದೆ. ಆಗ ಅನುಮಾನ ಬಂದಿತ್ತು, ಆದರೆ ಅದನ್ನು ನಾನೇ ಅದುಮಿ ಇಟ್ಟೆ. ಅಕ್ಕನ ಮೇಲೆ ಸಿಟ್ಟಾಗುವ ಧೈರ್ಯ ನನಗಿರಲಿಲ್ಲ.

ಕೆಲವು ವರ್ಷಕ್ಕೆ ನನಗೆ ಏಳು ತಿಂಗಳು ತುಂಬಿತು. ಕೂಸು ಹಗಲೂ ರಾತ್ರಿ ಒದೆಯುತ್ತಿತ್ತು. ಅವ್ವ ತಿಕೋಟಾದಿಂದ ಬುತ್ತಿ, ಬಳೆ, ಸೀರೆ ತಂದಳು. ಖಣ ಮಾತ್ರ ಎಲ್ಲಿಯೂ ಸಿಗಲಿಲ್ಲ ಎಂದು ಪೇಚಾಡಿದಳು. ಮನೆಯಲ್ಲಿ ಹಳೆಯದು ಏನಾದರೂ ಇದ್ದೀತೆಂದು ಅತ್ತೆ ಅಕ್ಕನ ಪೆಟ್ಟಿಗೆಯನ್ನು ತಳದವರೆಗೆ ಕೆದಕಿದಳು. ಎಲ್ಲಕ್ಕಿಂತ ಕೆಳಗೆ, ಅಕ್ಕ ಸತ್ತ ದಿನ ಯಾರೂ ಬಿಚ್ಚಿ ನೋಡಿರದ, ಪಂಚೆಯಲ್ಲಿ ಸುತ್ತಿ ಕಟ್ಟಿದ್ದ ಗಂಟಿನಲ್ಲಿ ಆ ಖಣದ ಕುಬಸ ಸಿಕ್ಕಿತು. ಅದರ ಮಡಿಕೆಯೊಳಗೆ ಕಂಕುಳಲ್ಲಿ ವಕ್ರ ಹೊಲಿಗೆಯಿದ್ದ ನನ್ನ ಹಳೆಯ ಕುಬಸವೂ ಇತ್ತು.

ಅವ್ವ ಆ ಹಳೆಯದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. “ಇದ ನಿಂದಲ್ಲನ? ಇದನ್ನ ಯಾವಾಗ ತಂದಿದ್ದಳು?”

“ಆವತ್ತ ಮುಂಜಾನೆ, ಮನಿಯಿಂದನ,” ಅಂದೆ. ಡಾಕ್ಟರಬಾಯಿ ಬಾಯಿ ತೆರೆಯುವ ಮೊದಲೇ ಅದು ಅಕ್ಕನ ಗಂಟಿನಲ್ಲಿತ್ತು. ನಾವು ಅವಳಿಂದ ಮುಚ್ಚಿಡಲು ಅಷ್ಟು ಒದ್ದಾಡಿದೆವು. ಅವಳು ದಿನವಿಡೀ ನಮ್ಮ ನಾಟಕ ನೋಡುತ್ತ ನಗುತ್ತಿದ್ದಳು, ನಾವು ನಗಲಿ ಎಂದು. ಅವ್ವ ಸೂಜಿ ತೆಗೆದುಕೊಂಡು ಒಳಗಿನ ಹೊಲಿಗೆ ಬಿಚ್ಚಲು ಕೂತಳು. ಬಿಚ್ಚಿದಷ್ಟೂ ಅರಿವೆ ಇತ್ತು.

ಹೆಂಗಸರು ನನಗೆ ಅದನ್ನು ತೊಡಿಸಿ ಮುಂದೆ ಗಂಟು ಹಾಕಿದರು. ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲಿಲ್ಲ. ಅತ್ತೆಗೆ ಬಹಳ ಸಂತೋಷವಾಯಿತು. “ನೋಡ್ರಿ, ಇಕಿ ಅಳತಿ ಕೊಟ್ಟ ಹೊಲಿಸಿದಂಗ ಐತಿ!” ಅಂದಳು.

ಹೌದು, ನನ್ನ ಅಳತೆ ಕೊಟ್ಟೇ ಹೊಲಿಸಿದ್ದು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ, ಅಕ್ಕನೂ.