ಅರ್ಜಿ ಮಲ್ಲಪ್ಪನವರ ‘ಬಲ್ಲೆ’

ಮೊನ್ನೆ ಬುಧವಾರ ಸಂಜೆ ಹುರಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿದರೆ, ಬಿಸಿಗೆ ಮೆತ್ತಗಾಗಿದ್ದ ಆ ಕಾಗದದ ಮೇಲೆ ‘ಒಳ್ಳೆಯ ರೆಸ್ಯೂಮೆ ಬರೆಯುವುದು ಹೇಗೆ?’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಈ ವಯಸ್ಸಿನಲ್ಲಿ ನನಗೆ ಯಾವ ನೌಕರಿ ಬೇಕು ಹೇಳಿ! ಆದರೂ ಪೊಟ್ಟಣದ ಕಾಗದ ಓದುವುದು ನನ್ನ ಹಳೇ ಚಟ. ಕಡಲೆಕಾಯಿಯನ್ನು ಸೆರಗಿಗೆ ಸುರಿದುಕೊಂಡು ಕನ್ನಡಕ ಹುಡುಕಿದೆ. ಲೇಖನದ ಅರ್ಧಭಾಗ ಹರಿದು ಬೇರೆ ಯಾರದೋ ಕಡಲೆಕಾಯಿಯ ಜೊತೆ ಹೋಗಿಬಿಟ್ಟಿತ್ತು. ಉಳಿದ ಅರ್ಧದಲ್ಲಿ ‘ನಿಮ್ಮ ಕಷ್ಟವನ್ನು ಬರೆಯಬೇಡಿ, ಕೌಶಲವನ್ನು ಬರೆಯಿರಿ’ ಎಂದಿತ್ತು. ಬರೆದವರು ಕೋಟು, ಟೈ ಹಾಕಿದ ಎಕ್ಸ್‌ಪರ್ಟ್ ಇರಬೇಕು. ನನ್ನ ಕಣ್ಣಿಗೆ ಕಂಡವರು ಮಾತ್ರ ಮೊಣಕಾಲಿನವರೆಗೆ ಪಂಚೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ಕಿವಿಯ ಮೇಲೆ ಲೆಕ್ಕಣಿಕೆ ಸಿಕ್ಕಿಸಿಕೊಂಡ ಒಬ್ಬ ಹಳ್ಳಿಯ ಯಜಮಾನರು.

ಅವರೇ ಅರ್ಜಿ ಮಲ್ಲಪ್ಪನವರು. ಮಹಾರಾಜರ ಕಾಲ. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ನಮ್ಮ ತಂದೆ ಶಿರಸ್ತೇದಾರರು. ಆ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಮಲ್ಲಪ್ಪನವರದು ಒಂದು ಕಲ್ಲುಚಪ್ಪಡಿ. ನಮ್ಮ ತಂದೆಗಿಂತ ಆ ಚಪ್ಪಡಿಗೇ ಜನ ಹೆಚ್ಚು ಎಂದು ನಮ್ಮಮ್ಮ ಆಗಾಗ ಚುಚ್ಚುತ್ತಿದ್ದರು. ಓದು ಬಾರದವರ ಅರ್ಜಿಗಳನ್ನೆಲ್ಲ ಅವರೇ ಬರೆಯಬೇಕು. ಅದರಲ್ಲೂ ನೌಕರಿಯ ಅರ್ಜಿ ಎಂದರೆ ಮಲ್ಲಪ್ಪನವರೇ ಆಗಬೇಕು ಎಂದು ಶಿರಾದಿಂದ, ಕೊರಟಗೆರೆಯಿಂದಲೂ ಬರುತ್ತಿದ್ದರು.

ಆಗೆಲ್ಲ ಅರ್ಜಿ ಬರೆಯುವುದಕ್ಕೆ ಒಂದು ರಾಗವಿತ್ತು. ‘ಮಹಾಪ್ರಭುಗಳ ಪಾದಾರವಿಂದಗಳಲ್ಲಿ’ ಎಂದು ಆರಂಭವಾದರೆ, ಕಡುಬಡವನಾದ, ಮಕ್ಕಳೊಂದಿಗನಾದ, ದಿಕ್ಕಿಲ್ಲದವನಾದ ಎಂದು ಮೂರು ಪುಟ ಅತ್ತು, ಕೊನೆಯ ಸಾಲಿನಲ್ಲಿ ಜವಾನನ ಕೆಲಸ ಕೇಳುವುದು. ಮಲ್ಲಪ್ಪನವರು ಈ ರಾಗವನ್ನೇ ಹಾಡಗೊಡುತ್ತಿರಲಿಲ್ಲ. ಒಂದು ಸಲ ನಾನೇ ನೋಡಿದೆ. ಬಡವನಹಳ್ಳಿಯಿಂದ ಬಂದ ಒಬ್ಬಾತ ಕೈಮುಗಿದು ಕುಕ್ಕರಗಾಲಲ್ಲಿ ಕೂತಿದ್ದ.

“ಬರ್ಕಳಿ ಸ್ವಾಮಿ. ಬಡವನಹಳ್ಳಿ ವಾಸಿಯಾದ ಕಡುಬಡವನಾದ ನಾನು...”

“ಬಡವ ಅನ್ನೋದು ಊರಿನ ಹೆಸ್ರಾಗೇ ಬಂತಲ್ಲ ಕಣ್ಲಾ! ಸರ್ಕಾರಕ್ಕೆ ಒಂದ್ಸಲ ಹೇಳಿದ್ರೆ ಸಾಕು ಬುಡು. ನೀನೇನ್ ಬಲ್ಲೆ, ಅದ್ನ ಹೇಳು.”

“ನಾನೇನ್ ಬಲ್ಲೆ ಸ್ವಾಮಿ, ದನ ಕಾಯೋನು.”

“ಯಾವತ್ತಾದ್ರೂ ದನ ಕಳ್ದಿದ್ಯಾ?”

“ಒಂದ್ ಕಡಸು ತಪ್ಪುಸ್ಕಂಡಿತ್ತು. ಹೆಜ್ಜೆ ನೋಡ್ಕಂಡ್ ನೋಡ್ಕಂಡ್ ಹೋಗಿ ಬೆಟ್ಟದ ಹಿಂದ್ಲಿಂದ ಹಿಡ್ಕಂಬಂದೆ.”

“ಯಾರ್ ಕಂಡವ್ರೆ?”

“ಊರೇ ಕಂಡೈತಲ್ಲ. ಕಡಸು ಗೌಡ್ರುದು!”

ಮಲ್ಲಪ್ಪನವರು ಲೆಕ್ಕಣಿಕೆ ತೆಗೆದು ಬರೆದರು: ‘ಹೆಜ್ಜೆ ಗುರುತು ಹಿಡಿದು ಕಾಡು ಸುತ್ತಬಲ್ಲೆ. ಇದನ್ನು ಗ್ರಾಮದ ಗೌಡರು ಬಲ್ಲರು.’ ಆತ ಬಂದದ್ದು ಜವಾನನ ಕೆಲಸ ಕೇಳಲು. ಮಲ್ಲಪ್ಪನವರು ಅರ್ಜಿಯನ್ನು ಅರಣ್ಯದ ಗಾರ್ಡ್ ಕೆಲಸಕ್ಕೆ ಹಾಕಿಸಿದರು, ಅದು ಸಿಕ್ಕಿಯೂಬಿಟ್ಟಿತು. ಅವರ ಅರ್ಜಿ ಎಂದೂ ಅರ್ಧ ಪುಟ ದಾಟುತ್ತಿರಲಿಲ್ಲ. ಎರಡೇ ಪ್ರಶ್ನೆ: ಏನ್ ಬಲ್ಲೆ? ಅದನ್ನ ಯಾರು ಕಂಡವ್ರೆ?

ನಾನಾಗ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದ ಹುಡುಗಿ. ರಜಕ್ಕೆ ಊರಿಗೆ ಬಂದರೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ನೀರು ಬೇಕಾದರೂ ‘ಪ್ಲೀಸ್’ ಹಚ್ಚಿ ಕೇಳುತ್ತಿದ್ದೆ, ನಮ್ಮ ಅಡುಗೆಯವರು ಪ್ಲೀಸ್ ಎಂದರೆ ಬಿಸಿನೀರು ಎಂದುಕೊಂಡಿದ್ದರು. ಕಾಂಪೊಸಿಷನ್ ಕ್ಲಾಸಿನಲ್ಲಿ ನಾನು ಒಬ್ಬ ಅನಾಥ ಹುಡುಗಿಯ ಮೇಲೆ ಬರೆದ ಎಸ್ಸೆಯನ್ನು ಮದರ್ ಗಟ್ಟಿಯಾಗಿ ಓದಿಸಿದಾಗ ಮೂವರು ಹುಡುಗಿಯರು ಕರ್ಚೀಫು ತೆಗೆದಿದ್ದರು. ಅಂದಿನಿಂದ ಜನರನ್ನು ಅಳಿಸುವುದೇ ಇಂಗ್ಲಿಷಿನ ಪರಮ ಉದ್ದೇಶ ಎಂದು ನನ್ನ ನಂಬಿಕೆ. ಈ ನಂಬಿಕೆಯಿಂದ ನಾನು ಒಬ್ಬಾಕೆಯ ಬದುಕನ್ನೇ ಮುಳುಗಿಸಲು ಹೊರಟಿದ್ದೆ.

ಆಕೆ ನರಸಕ್ಕ. ಪಾವಗಡದ ಕಡೆ ಕ್ಯಾತಗಾನಚೆರ್ಲುವಿನ ಹುಡುಗಿ, ಮನೆಮಾತು ತೆಲುಗು. ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ. ನಮ್ಮ ಬೀದಿಯಲ್ಲಿದ್ದ ಅಕ್ಕನ ಮನೆಗೆ ಬಂದು ಸೇರಿದಳು. ಬಂದವಳು ಸುಮ್ಮನೆ ಕೂರಲಿಲ್ಲ. ಜಗಲಿಯ ಮೇಲೆ ಬೀದಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸತೊಡಗಿದಳು. ತಂಗಿ ತಮ್ಮಂದಿರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬನ್ನಿ ಎನ್ನುತ್ತಿದ್ದಳಾದ್ದರಿಂದ, ಶಾಲೆ ಬಿಡಿಸಿದ ಹುಡುಗಿಯರೂ ಬರುತ್ತಿದ್ದರು.

ಆದರೆ ಅವಳ ಗಂಡನ ಅಣ್ಣ ಹುಲಿಕುಂಟೆಯಿಂದ ಹೇಳಿಕಳಿಸಿದ್ದ: ಸುಗ್ಗಿ ಮುಗಿಯುತ್ತಲೂ ಬಂದು ಕರೆದುಕೊಂಡು ಹೋಗುತ್ತೇನೆ, ಮನೆಯಲ್ಲಿ ರಾಗಿ ಬೀಸುವವರಿಲ್ಲ, ಕೊಟ್ಟಿಗೆ ಬಳಿಯುವವರಿಲ್ಲ. ಅಷ್ಟರೊಳಗೆ ಪಾವಗಡದ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಕೆಲಸ ಸಿಕ್ಕರೆ ಸರಿ. ಇಲ್ಲವಾದರೆ ಹುಲಿಕುಂಟೆಯೇ, ಬೀಸುವ ಕಲ್ಲೇ.

ಅವಳ ಅರ್ಜಿಯ ಕೆಲಸಕ್ಕೆ ನನಗೂ ಕರೆ ಬಂತು. ಶಿರಸ್ತೇದಾರರ ಮಗಳು ಹೊಂಗೆ ಮರದ ಕೆಳಗೆ ಕೂರುವುದುಂಟೇ ಎಂದು ಅಮ್ಮ ತಕರಾರು ತೆಗೆದಿದ್ದರಿಂದ ಮಲ್ಲಪ್ಪನವರೇ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ನರಸಕ್ಕನ ಅರ್ಜಿಯ ಕರಡು. “ಅಮ್ಮಣ್ಣಿ, ಇಸ್ಕೂಲ್ ಇನ್‌ಸ್ಪೆಕ್ಟ್ರಮ್ಮ ಇಂಗ್ಲಿಷ್ನೋರಂತೆ. ನನ್ನಿಂಗ್ಲಿಷು ಕುಂಟ್ತೈತೆ. ನೀನು ಹಂಗೇ ಇಂಗ್ಲಿಷ್ಗೆ ಇಳ್ಸಿಕೊಡವ್ವ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ” ಎಂದರು.

ಓದಿದೆ. ‘ಕನ್ನಡ, ತೆಲುಗು ಎರಡನ್ನೂ ಓದಿಸಬಲ್ಲೆ’ ಎಂಬುದೇ ಮೊದಲ ಸಾಲು. ಇಷ್ಟು ಒಣಗಿದ ಅರ್ಜಿಗೆ ಯಾರ ಮನಸ್ಸು ಕರಗೀತು? ನಾನು ಬಾಗಿಲು ಹಾಕಿಕೊಂಡು ಕೂತೆ. ‘ಅನ್‌ಫಾರ್ಚುನೇಟ್ ಅಂಡ್ ಹೆಲ್ಪ್‌ಲೆಸ್ ವಿಡೋ’ ಎಂದು ಆರಂಭಿಸಿ, ದುಃಖಸಾಗರ, ಕತ್ತಲು, ದಡ ಕಾಣದ ದೋಣಿ ಎಲ್ಲವನ್ನೂ ತಂದೆ. ಸಮುದ್ರವನ್ನು ನಾನೂ ಕಂಡಿರಲಿಲ್ಲ, ನರಸಕ್ಕನೂ ಕಂಡಿರಲಿಲ್ಲ. ಬರೆಯುತ್ತ ಬರೆಯುತ್ತ ನನಗೇ ಅಳು ಬಂತು. ಓದಿಸುವ ವಿಚಾರ ಎಲ್ಲೋ ಕೊನೆಯಲ್ಲಿ ಒಂದು ಸಾಲು. ನರಸಕ್ಕ ನನ್ನನ್ನು ನಂಬಿ ಅಡಿಯಲ್ಲಿ ಸಹಿ ಮಾಡಿದಳು, ಅರ್ಜಿ ಅಂಚೆಗೆ ಬಿತ್ತು.

ಉತ್ತರ ಬೇಗನೆ ಬಂತು. ಅರ್ಜಿದಾರಳ ಕಷ್ಟಕ್ಕೆ ಕಚೇರಿಯವರು ಬಹಳ ಮರುಗಿದ್ದಾರೆ. ದಿಕ್ಕಿಲ್ಲದವರ ಊಟ ವಸತಿಯ ವಿಷಯ ತಮಗೆ ಸಂಬಂಧಿಸಿದ್ದಲ್ಲವಾದ ಕಾರಣ ಅರ್ಜಿಯನ್ನು ಧರ್ಮಛತ್ರಗಳನ್ನು ನೋಡಿಕೊಳ್ಳುವವರಿಗೆ ಕಳಿಸಿಕೊಡಲಾಗಿದೆ.

ಕೆಲಸ ಕೇಳಿದವಳಿಗೆ ಛತ್ರದ ಊಟ! ನರಸಕ್ಕ ಕಾಗದವನ್ನು ಎರಡು ಸಲ ಓದಿ, “ಇದೇಮಿಟಮ್ಮಾ ಇದಿ? ನನ್ನ ಛತ್ರಕ್ಕೆ ಕಳಿಸ್ತಾರಾ?” ಎಂದಳು. ಮಲ್ಲಪ್ಪನವರು ಕಚೇರಿಯ ಗುಮಾಸ್ತರೊಬ್ಬರ ಕೈಲಿ ನಾನು ಇಟ್ಟುಕೊಂಡಿದ್ದ ಅರ್ಜಿಯ ನಕಲನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದರು. ಕೇಳಿ ಮುಗಿಸಿ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಕಾಯುತ್ತಿದ್ದೆ.

“ಇದ್ರಾಗೆ ಯಾರಮ್ಮಣ್ಣಿ ಇಷ್ಟೊಂದ್ ಅಳ್ತಿರೋದು? ನಾನು ಬರ್ಕಳ್ವಾಗ ನರಸಮ್ಮ ನಗ್ತಾ ಕುಂತಿದ್ಲಲ್ಲ.”

ಅಷ್ಟೇ. ನನ್ನ ಕಾನ್ವೆಂಟು ಅಲ್ಲೇ ಕುಸಿದುಬಿತ್ತು. ತಪ್ಪಾಯಿತು ಎಂದೆ, ಕನ್ನಡದಲ್ಲೇ ಎಂದೆ.

“ತಪ್ಪು ಒಪ್ಪಿ ಏನ್ ಮಾಡ್ತೀಯ, ಕಾಗ್ದ ತಕಂಬಾ” ಎಂದು ಅವರು ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. ಸುಗ್ಗಿ ಆಗಲೇ ಅರ್ಧ ಮುಗಿದಿತ್ತು. ಈ ಸಲ ಅವರು ಹೇಳಿದ್ದನ್ನಷ್ಟೇ ಇಂಗ್ಲಿಷಿಗೆ ತಂದೆ: ಐ ಕ್ಯಾನ್, ಐ ಕ್ಯಾನ್, ಐ ಕ್ಯಾನ್. ಮದರ್ ನೋಡಿದ್ದರೆ ಮಾರ್ಕು ಕಳೆಯುತ್ತಿದ್ದರು. ಆಮೇಲೆ ಅವರು ಹಾಳೆಯನ್ನು ಮಗುಚಿ, “ಯಾರ್ ಕಂಡವ್ರೆ ಅನ್ನೋದಕ್ಕೆ ಅಮಲ್ದಾರ್ರು ಪೇಷ್ಕಾರ್ರು ಬ್ಯಾಡ. ನರಸಮ್ಮ, ನಿನ್ ಮಕ್ಳನ್ನ ಕರಿ” ಎಂದರು.

ಒಬ್ಬೊಬ್ಬಳಾಗಿ ಬಂದು ಅರ್ಜಿಯ ಹಿಂಬದಿಗೆ ತಮ್ಮ ತಮ್ಮ ಹೆಸರು ಬರೆದರು. ಬಳೆ ಮಾರುವ ಸಾಬರ ಮಗಳು ನಾಲಿಗೆ ಹೊರಗಿಟ್ಟುಕೊಂಡು ಮುತ್ತು ಪೋಣಿಸಿದ ಹಾಗೆ ಬರೆದಳು. ಎಲ್ಲರಿಗಿಂತ ಚಿಕ್ಕವಳು ರಂಗನಾಯಕಿ. ‘ರಂಗ’ ಎಂದು ಬರೆದು ಲೆಕ್ಕಣಿಕೆ ಕೆಳಗಿಟ್ಟುಬಿಟ್ಟಳು.

“ಮುಂದ್ಕೆ ಬರಿಯವ್ವ” ಎಂದರು ಮಲ್ಲಪ್ಪನವರು.

“ಅಷ್ಟೇ ಯೋಳ್ಕೊಟ್ಟಿರೋದು. ‘ನಾ’ ನಾಳೆ.”

ಅರ್ಜಿ ಕೆಟ್ಟೇಹೋಯಿತೆಂದು ನರಸಕ್ಕ ಹಾಳೆ ಎಳೆದುಕೊಂಡಳು. ಬೇರೆ ಹಾಳೆ ತರುತ್ತೇನೆಂದು ನಾನು ಎದ್ದೆ. ಮಲ್ಲಪ್ಪನವರು ಕೈ ಅಡ್ಡ ಹಿಡಿದರು. “ಕುತ್ಕಳಮ್ಮಣ್ಣಿ. ಅದು ತಪ್ಪಲ್ಲ. ಆ ಮಗೀಗೆ ಮೇಡಮ್ಮು ಇನ್ನೂ ಬೇಕು ಅಂತ ಅದ್ಕಿಂತ ಚೆಂದಾಗಿ ನೀನೂ ಬರೀಲಾರೆ, ನಾನೂ ಬರೀಲಾರೆ.”

ಹುಲಿಕುಂಟೆಯ ಭಾವ ಗಾಡಿ ಕಟ್ಟಿಕೊಂಡು ಬಂದಾಗ ಇನ್ನೂ ಉತ್ತರ ಬಂದಿರಲಿಲ್ಲ. “ಹೆಣ್ಣೆಂಗ್ಸು ಅರ್ಜಿ ಹಾಕ್ಕಂಡು ಕುಂತ್ರೆ ರಾಗಿ ತಾನಾಗೇ ಬೀಸ್ಕಂತೈತಾ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ನರಸಕ್ಕ ಒಳಗಿನಿಂದಲೇ, “ಹದಿನೈದು ದಿನ ಬಿಟ್ಟು ಬಾ ಭಾವ. ಅಲ್ಲೀವರ್ಗೂ ನೀನೇ ಬೀಸು, ತೋಳಿಗೆ ಒಳ್ಳೇದು” ಎಂದಳು. ಬೀದಿಯೆಲ್ಲ ನಕ್ಕಿತು. ಆತ ಹಲ್ಲು ಕಡಿದು ಖಾಲಿ ಗಾಡಿ ಹೊಡೆದುಕೊಂಡು ಹೋದ. ಅವಳು ಮಾತ್ರ ಗಾಡಿಯ ಸದ್ದು ಅಡಗುವವರೆಗೆ ಬಾಗಿಲ ಅಗುಳಿ ತೆಗೆಯಲಿಲ್ಲ.

ಹನ್ನೊಂದನೆಯ ದಿನ ತುಮಕೂರಿಗೆ ಬಂದು ಮುಖ ತೋರಿಸಬೇಕೆಂದು ಕಾಗದ ಬಂತು. ಹೋಗಿ ಬಂದ ನರಸಕ್ಕ ಬಸ್ಸಿನಿಂದ ಇಳಿದವಳೇ ನಮ್ಮ ಮನೆಗೆ ಬಂದಳು. “ಆ ದೊರೆಸಾನಿ ಅರ್ಜಿ ಮುಂದ್ಗಡೆ ನೋಡ್ಲೇ ಇಲ್ಲ ತಲ್ಲೀ! ಹಿಂದ್ಕೆ ತಿರುಗ್ಸಿ ಇಟ್ಕೊಂಡಿದ್ರು. ಕೇಳಿದ್ದು ಒಂದೇ ಮಾತು. ‘ಈ ಅರ್ಧ ಹೆಸ್ರಿನ ಹುಡುಗಿ ಈಗ ಪೂರ್ತಿ ಬರೀತಾಳಾ?’ ಅಂದ್ರು. ‘ಬರೀತಾಳೆ, ಅವಳ ತಂಗೀನೂ ಶುರು ಮಾಡವ್ಳೆ’ ಅಂದೆ. ಪಾವಗಡ ಕೊಟ್ಬುಟ್ರು!”

ಅವಳು ಹೊರಟ ದಿನ ಮಲ್ಲಪ್ಪನವರು ಚಪ್ಪಡಿ ಬಿಟ್ಟು ಬರಲಿಲ್ಲ, ಯಾರೋ ಸರದಿಯಲ್ಲಿದ್ದರಂತೆ. ಯುದ್ಧದ ಕಾಲವಾದ್ದರಿಂದ ಇದ್ದಿಲಿನ ಗ್ಯಾಸಿನ ಬಸ್ಸು. ಅದು ಹೊಗೆ ಕಾರಿ ಹೊರಡುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮಾತಾಡಿ ಮುಗಿಸಬಹುದಿತ್ತು. ಕಿಟಕಿಯ ಬಳಿ ನಿಂತು ನಾನು ಮತ್ತೊಮ್ಮೆ ಕ್ಷಮೆ ಕೇಳಿದೆ. ನರಸಕ್ಕ ನನ್ನ ಕೆನ್ನೆ ಹಿಂಡಿದಳು. “ನೀನು ಬರೆದಿದ್ದೇನೂ ಸುಳ್ಳಲ್ಲ ತಲ್ಲೀ. ಗಂಡ ಸತ್ತಿದ್ದು ನಿಜ, ಅತ್ತಿದ್ದೂ ನಿಜ. ಆದ್ರೆ ಕೆಲ್ಸಕ್ಕೆ ಹೊರಟಿದ್ದು ಆಯಮ್ಮ ಅಲ್ಲ, ನಾನು.”

ಆಮೇಲೆ ನನಗೆ ಮದುವೆಯಾಯಿತು. ಅಷ್ಟೆಲ್ಲ ಇಂಗ್ಲಿಷ್ ಕಲಿತ ನಾನು ಜೀವಮಾನದಲ್ಲಿ ಒಂದೂ ಕೆಲಸಕ್ಕೆ ಅರ್ಜಿ ಹಾಕಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಬೇಕೆಂದು ನಾನೂ ಕೇಳಲಿಲ್ಲ. ಇದನ್ನು ನೆನೆದು ಕೊರಗುವ ಸ್ವಭಾವ ನನ್ನದಲ್ಲ. ಹಾಗೆಂದುಕೊಂಡೇ ಇಷ್ಟು ವರ್ಷ ಕಳೆದೆ.

ಈ ಶುಕ್ರವಾರ ಬ್ಯಾಂಕಿಗೆ ಹೋಗಿದ್ದೆ. ಯಾವುದೋ ಫಾರಂ ತುಂಬಿಸಬೇಕಿತ್ತು. ಕೌಂಟರಿನ ಹುಡುಗಿ ಬಹಳ ಒಳ್ಳೆಯವಳು, ನನ್ನ ಕೈ ನಡುಗುವುದನ್ನು ಕಂಡು ತಾನೇ ಬರೆಯುತ್ತಿದ್ದಳು. ‘ಆಕ್ಯುಪೇಷನ್’ ಎಂಬಲ್ಲಿಗೆ ಬಂದಾಗ ನನ್ನನ್ನು ಕೇಳಲೂ ಇಲ್ಲ. ‘ಡಿಪೆಂಡೆಂಟ್’ ಎಂದು ಬರೆದು ಮುಂದೆ ಹೋದಳು. ತಲೆ ಬಗ್ಗಿಸಿ ಸಹಿ ಮಾಡುವುದು ನನ್ನ ಅಭ್ಯಾಸ. ಅಂದು ಮಾತ್ರ ಪೆನ್ನು ತೆಗೆದುಕೊಂಡು ಆ ಪದದ ಮೇಲೆ ಒಂದು ಗೆರೆ ಎಳೆದೆ.

ಹುಡುಗಿ ಗಾಬರಿಯಾದಳು. “ಅಜ್ಜೀ, ಮತ್ತೇನಂತ ಬರೀಲಿ?”

“ಯೋಚಿಸಿ ಹೇಳ್ತೀನಿ ಮಗಳೇ, ಸೋಮವಾರ ಬರ್ತೀನಿ” ಎಂದು ಫಾರಂ ಮಡಚಿಕೊಂಡು ಬಂದೆ.

ಇವತ್ತು ಭಾನುವಾರ. ಬೆಳಗಿನಿಂದ ಫಾರಂ ಹರವಿಕೊಂಡು ಮೇಜಿನ ಮುಂದೆ ಕೂತಿದ್ದೇನೆ, ‘ಏನ್ ಬಲ್ಲೆ?’ ಎಂದು ಮಲ್ಲಪ್ಪನವರು ಕೇಳುತ್ತಲೇ ಇದ್ದಾರೆ.