ಬಾಗಿಲಲ್ಲಿ ನಿಂತ ಲಾಭ

ಬಮ್ಮಿಗಟ್ಟಿಯ ನಮ್ಮ ಕಟಕ ರೊಟ್ಟಿ ಸಂಘಕ್ಕೆ ಹೋದ ವರ್ಷ ಒಂದು ವೆಬ್ ಪುಟ ಬಂತು. ಯಾರ ಹತ್ತಿರ ಎಷ್ಟು ಕಟ್ಟು ರೊಟ್ಟಿ ಸಿದ್ಧವಿದೆ ಎಂದು ಅವರವರೇ ಫೋನಿನಲ್ಲಿ ತುಂಬಬೇಕು. ಅದನ್ನು ನೋಡಿ ಗಿರಾಕಿಗಳು ಕರೆ ಮಾಡುತ್ತಾರೆ. ಅಲ್ಲಿಯವರೆಗೆ ಆ ಲೆಕ್ಕವೆಲ್ಲ ನನ್ನ ನೋಟ್‌ಬುಕ್ಕಿನಲ್ಲಿರುತ್ತಿತ್ತು. ಎಲ್ಲರೂ ನನ್ನನ್ನೇ ಕೇಳುತ್ತಿದ್ದರು.

ಬಾಜು ಮನೆಯಲ್ಲಿರುವವಳು ನನ್ನ ಮೈದುನನ ಹೆಂಡತಿ. ಪುಟ ಬಂದದ್ದೇ ತಡ, ಅವಳಿಗೆ ಕರೆಯ ಮೇಲೆ ಕರೆ. ನನಗೆ ಒಂದೂ ಇಲ್ಲ. ಅವಳ ಒಲೆ ಎಷ್ಟು ಗಂಟೆಗೆ ಹೊತ್ತುತ್ತದೆ, ಅಳ್ನಾವರದ ಗಾಡಿಗೆ ಎಷ್ಟು ಕಟ್ಟು ಏರಿತು, ಎಲ್ಲ ನನಗೆ ಗೊತ್ತಿತ್ತು. ಅವಳ ಬಾಗಿಲಲ್ಲಿ ಗಾಡಿ ನಿಂತ ಸಪ್ಪಳಕ್ಕೆ ರೊಟ್ಟಿ ಬಡಿಯುವ ನನ್ನ ಕೈಯೂ ನಿಲ್ಲುತ್ತಿತ್ತು; ಹಂಚಿನ ಮೇಲಿನದು ಕರಕಾಗುತ್ತಿತ್ತು. ನಾನು ತುಂಬಿದ್ದು ಗಿರಾಕಿಗಳಿಗೆ ಕಾಣದಂತೆ ಅವಳೇ ಏನೋ ಮಾಡುತ್ತಿದ್ದಾಳೆ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ದಿನಕ್ಕೊಂದರಂತೆ ಎಂಟು ದಿನಕ್ಕೆ ಎಂಟು ಕಟ್ಟಾದವು; ದಿನವೂ ಎಣಿಕೆಯನ್ನು ಫೋನಿನಲ್ಲಿ ತುಂಬಿದೆ. ಸಿಟ್ಟಿನಲ್ಲಿ ಮೂರನ್ನು ಕುಂದಗೋಳದ ತಂಗಿಗೆ ಕಳಿಸಿದೆ.

ಒಂಬತ್ತನೆಯ ದಿನ ಅವಳೇ ಬಂದು ಕೇಳಿದಳು: "ಅಕ್ಕಾರ, ರೊಟ್ಟಿ ಮಾಡೂದು ಬಿಟ್ರೇನ್ರಿ? ನಿಮ್ಮ ಹೆಸರಿನ ಮುಂದ ಸೊನ್ನಿ ಐತಲ್ರಿ."

ಮೈ ಉರಿದುಹೋಯಿತು. ಫೋನನ್ನು ಅವಳ ಮುಖಕ್ಕೆ ಹಿಡಿದೆ. "ಎಂಟು ಐತಿ. ಕಣ್ಣು ಬಿಟ್ಟು ನೋಡು."

ನೋಡಿದಳು. ಬೆರಳಿನಿಂದ ಮೇಲೆ ಸರಿಸುತ್ತ ಮೊದಲ ದಿನಕ್ಕೆ ಹೋದಳು. ಆಮೇಲೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಜೋಳ ಅಳೆಯುವಾಗ ನಾವು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಶುಭಕ್ಕೆಂದು ಲಾಭ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಮೊದಲ ಕಟ್ಟು ತುಂಬುವಾಗ ನಾನು ಹಾಗೇ ಬರೆದಿದ್ದೆ.

"ಫೋನಿನ್ಯಾಗ ಏನ್ ಬರದ್ರೂ ಕಾಣಸ್ತೈತ್ರಿ. ಆದ್ರ ಎಲ್ಲಾರ ಲೆಕ್ಕ ಇಡೂ ಕ್ಲೌಡಿಗೆ ಬರೇ ಅಂಕಿ ಬೇಕು. ನಿಮ್ಮ ಲಾಭ ಬಾಗಲದಾಗ ನಿಂತೈತಿ. ಹಿಂದಿನವೆಲ್ಲಾ ಅದರ ಬೆನ್ನಿಗೆ ಪಾಳಿ ಹಚ್ಚ್ಯಾವ," ಎಂದಳು.

ಒಂದು ಎಂದು ಹಾಕಲು ಮನಸ್ಸು ಬರಲಿಲ್ಲ. ಬಾಯಲ್ಲಿ ಲಾಭ ಎನ್ನುತ್ತಲೇ ಬೆರಳಿನಿಂದ ಒಂದು ಒತ್ತಿದೆ. ಹಸಿರು ಗುರುತು ಒಂದರ ಹಿಂದೊಂದು ಮೂಡಿದವು. ಅವಳ ಫೋನಿನಲ್ಲೂ ನನ್ನ ಹೆಸರಿನ ಮುಂದೆ ಎಂಟು ಬಂತು. ನಾನು ಮೊದಲು ನೋಡಿದ್ದು ಅವಳ ಹೆಸರಿನ ಮುಂದೆ ಎಷ್ಟಿದೆ ಎಂದು. ಐದು.

ಆ ಸಂತೋಷ ಅರ್ಧ ತಾಸೂ ಉಳಿಯಲಿಲ್ಲ. ಕಲಘಟಗಿಯಿಂದ ಕರೆ ಬಂತು: ಎಂಟೂ ಬೇಕು, ಗಾಡಿ ಹೊರಟಿದೆ. ಕುಂದಗೋಳಕ್ಕೆ ಹೋದ ಮೂರನ್ನು ಕಳೆಯಲು ನಾನು ಮರೆತಿದ್ದೆ. ಮನೆಯಲ್ಲಿದ್ದದ್ದು ಐದೇ.

ಅವಳ ಹೊಸ್ತಿಲಲ್ಲಿ ನಿಂತು ಮೂರು ಕಟ್ಟು ಕೇಳಿದೆ. ಅವಳು ಒಳಗಿನಿಂದ ತಂದಳು. ಒಂದೊಂದಾಗಿ ನನ್ನ ಮಡಿಲಿಗೆ ಇಡುತ್ತ, "ಲಾಭ, ಎರಡು, ಮೂರು," ಎಂದು ಎಣಿಸಿ ಕೊಟ್ಟಳು.

ನನ್ನ ಹೆಸರಿನಲ್ಲೇ ಎಂಟೂ ಹೋದವು. ಗಾಡಿಗೆ ಏರಿಸುವ ಮೊದಲು ಅವಳ ಕಟ್ಟೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ರೊಟ್ಟಿ ತೆಳ್ಳಗಾದಷ್ಟೂ ಕೈ ಹದ ಎನ್ನುತ್ತಾರೆ; ಅವಳವು ನನ್ನವಕ್ಕಿಂತ ತೆಳ್ಳಗಿದ್ದವು.