ಮೂಕಮ್ಮನ ಕಾಲಿಗೆ ಇನ್ಫ್ರಾರೆಡ್ ಪಟ್ಟಿ

ನಮ್ಮ ದೊಡ್ಡವ್ವ ಮೂಕಮ್ಮ ಹುಟ್ಟುವಾಗ ಕಾಲು ಮುಂದ ಮಾಡಿಕೊಂಡು ಬಂದಾಕಿ. ಹಂಗ ಹುಟ್ಟಿದೋರು ಬೆನ್ನಿಗೆ ಕಾಲು ಕೊಟ್ರ ಹಿಡಕೊಂಡ ನಡ ಬಿಡ್ತೈತಿ ಅಂತ ನಮ್ಮ ಕಡಿ ಎಲ್ರೂ ನಂಬ್ತಾರ. ಹಿಂಗಾಗಿ ಆಕಿ ಐದು ವರ್ಸದ ಹುಡುಗಿ ಇದ್ದಾಗಿಂದ ಕುರುಗೋಡಿನ ಮಂದಿ ಆಕಿ ಮುಂದ ಬೋರಲ ಮಲಗಿದ್ದೇ ಮಲಗಿದ್ದು. ಎಡಗಾಲ ಮ್ಯಾಲ ನಿಂತು, ಬಲಗಾಲು ಎತ್ತಿ, ಬೆನ್ನ ಮ್ಯಾಲ ಮೂರು ಸಲ ಮೆತ್ತಗ ಒತ್ತೋದು. ಅಷ್ಟ!

ಆಕಿ ಮದುವಿ ಹಂದರದಾಗ ಮಾವನ ನಡ ಹಿಡಕೊಂಡಿತ್ತಂತ. ಬಾಸಿಂಗ ಕಟ್ಟಿಕೊಂಡ ಮದುಮಗಳನ್ನ ಎಬ್ಬಿಸಿ ಕಾಲು ಕೊಡಿಸಿದರಂತ. ಮಾವ ಎದ್ದು ಕುಂತು, "ಸೊಸಿ ಒದ್ದರೂ ಹಿತ ಆಗ್ತೈತಲ್ಲೋ!" ಅಂದನಂತ. ಆವತ್ತಿಂದ ಇವತ್ತಿನ ತನಕ ಆಕಿ ಇದಕ್ಕಂತ ಯಾರ ಕಡಿಂದಾನೂ ಒಂದು ಎಲಿ ಅಡಿಕಿ ಸೈತ ಇಸ್ಕೊಂಡಿಲ್ಲ.

ಇನ್ನ ನಾನು ವಿರೂಪಾಕ್ಷಿ. ಬಳ್ಳಾರಿ ಗಾಂಧಿನಗರದಾಗ ನೋವಿನ ಪಟ್ಟಿ ಮಾರ್ತೀನಿ. ಮುಲಾಮು ಹಚ್ಚಿದ ಪಟ್ಟಿ ಅಲ್ರೀ, ಇನ್ಫ್ರಾರೆಡ್ ಪಟ್ಟಿ! ಬ್ಯಾಟರಿ ಇಲ್ಲ, ಔಷಧಿ ಇಲ್ಲ. ಮೈಯಿಂದ ಹೊರಗ ಹೋಗೋ ಶಾಖಾನ ಹಿಡಿದು, ಕಿರಣ ಮಾಡಿ, ಮತ್ತ ಒಳಗ ಕಳಿಸ್ತೈತಿ ಅಂತ ಕಂಪನಿಯೋರು ಹೇಳಿಕೊಟ್ಟಾರ. ನಾನು ಮಾತು ಶುರು ಮಾಡಿದ್ರ ಔಷಧಿ ಅಂಗಡಿಯೋರು ಷಟರ್ ಎಳೀತಾರ, ಅಷ್ಟು ಹುರುಪು ನಂದು.

ಹೋದ ದೀಪಾವಳಿ ಆದ ಮ್ಯಾಲ ದೊಡ್ಡವ್ವನ ಎಡ ಮೊಣಕಾಲು ಕೈ ಕೊಡ್ತು. ಒಂದ ಕಾಲ ಮ್ಯಾಲ ನಿಂದರಾಕ ಆಗಲಿಲ್ಲ. ನಡ ಹಿಡಕೊಂಡು ಬಂದೋರನ್ನ ಬಾಗಿಲಾಗಿಂದ ವಾಪಸ್ ಕಳಿಸೂವಾಗ ಆಕಿ ಮಾರಿ ನೋಡಾಕ ಆಗ್ತಿರಲಿಲ್ಲ. "ಲೇ ವಿರೂಪಾಕ್ಷಿ, ಕಾಲು ಕೊಡದ ಮ್ಯಾಲ ನಾನು ಯಾರೋ?" ಅಂತ ಅತ್ತಳು.

"ನಾನು ಸತ್ತೀನೇನು?" ಅಂದು ಒಂದು ಪಟ್ಟಿ ಕೊಟ್ಟು, ನೋವಿದ್ದ ಕಡಿ ಹಚ್ಚಿಕೋ ಅಂತ ಹೇಳಿ ಬಂದೆ. ದಿನಾ ಫೋನು ಮಾಡಿದೆ. "ಹಚ್ಚೀಯಾ?" "ಹಚ್ಚೀನಪ್ಪಾ." "ಆರಾಮ ಐತಾ?" "ಐತಪ್ಪಾ, ಐತಿ." ನಾನು ಕುಣಿದಾಡಿಬಿಟ್ಟೆ! ಸಿರುಗುಪ್ಪದಾಗ ನಮ್ಮ ಕಂಪನಿ ಪಟ್ಟಿ ಮಾರಾಕ ಶಾಮಿಯಾನ ಹಾಕಿತ್ತು, ಭತ್ತ ನಾಟಿ ಮಾಡೋ ಹೆಣ್ಣುಮಕ್ಕಳಿಗಂತ. ಪಟ್ಟಿಗೆ ಸಾಕ್ಷಿ ಅಂತ ದೊಡ್ಡವ್ವನ್ನ ಆಟೋದಾಗ ಕುಂದ್ರಿಸಿಕೊಂಡು ಅಲ್ಲಿಗೆ ಹೋದೆ.

ಮೈಕ್ ಹಿಡಿದು ಕೂಗಿದೆ: "ನೋಡ್ರಿ ತಾಯಂದಿರಾ, ಇವರ ಮೊಣಕಾಲು ನೋಡ್ರಿ!" ಕುರ್ಚಿ ಮ್ಯಾಲ ಕುಂತ ದೊಡ್ಡವ್ವ ಸೀರಿ ಅಂಚು ಸರಿಸಿದಳು. ಮೊಣಕಾಲಾಗ ಏನೂ ಇಲ್ಲ!

"ಪಟ್ಟಿ ಎಲ್ಲೈತಿ ದೊಡ್ಡವ್ವಾ?"

ಆಕಿ ಬಲಗಾಲು ಎತ್ತಿ ಅಂಗಾಲು ತೋರಿಸಿದಳು. ಮಣ್ಣು ಮೆತ್ತಿ, ಅಂಚು ಎದ್ದು, ನನ್ನ ಪಟ್ಟಿ ಅಲ್ಲಿ ಅಂಟಿಕೊಂಡಿತ್ತು.

"ನೋವು ಎಡ ಮೊಣಕಾಲಾಗ ಐತಲ್ಲಬೇ!"

"ಅಲ್ಲಿ ಹಚ್ಚಿದ್ರ ನನಗೊಬ್ಬಾಕಿಗೇ ಆತಲ್ಲೋ. ಇಲ್ಲಿದ್ರ ಕಾಲು ಕೊಡಿಸಿಕೊಂಡೋರಿಗೆಲ್ಲ ಶಾಖ ಹೋಗ್ತೈತಿ. ಯಾವತ್ತರ ಕಾಲು ಎತ್ತಾಕ ಬಂದ್ರ ತಯಾರಿರಲಿ ಅಂತ ಹಚ್ಚಿಟ್ಟೆ."

"ಮತ್ತ ಫೋನ್‌ನಾಗ ಆರಾಮ ಐತಿ ಅಂದಿ?"

"ನೀನು ಅಷ್ಟು ಖುಷೀಲೆ ಕೇಳ್ತಿದ್ದಿ. ಏನಂತ ಹೇಳಲಿ?"

ಮೈಕ್ ಬಂದ್ ಮಾಡಿರಲಿಲ್ಲ ನೋಡ್ರಿ, ಶಾಮಿಯಾನ ಅನ್ನೋ ಶಾಮಿಯಾನ ನಕ್ಕು ಹಾರಿಹೋತು. ನನಗ ಸಿಟ್ಟು ನೆತ್ತಿಗೇರಿತ್ತು. ಅಷ್ಟರಾಗ ಮೈಕಿನಾಗ ಆಕಿ ಮಾತು ಕೇಳಿದ ಇಬ್ಬರು ಹೆಣ್ಣುಮಕ್ಕಳು ಸಾವಂತ್ರಮ್ಮ ಅನ್ನಾಕಿನ ಹಿಡಕೊಂಡು ಬಂದರು. ಮುಂಜಾನಿ ನಾಟಿಗೆ ಬಗ್ಗಿದಾಕಿ ಎದ್ದು ನಿಂದರಾಕ ಆಗದ ಹಂಗ ಬಾಗಿಕೊಂಡಿದ್ದಳು.

"ಯವ್ವಾ, ನೀನು ಕಾಲು ಕೊಡಾಕಿ ಏನು?" ಅಂತ ಕೇಳಿ, ಉತ್ತರಕ್ಕೂ ಕಾಯದ, ಜಮಖಾನದ ಮ್ಯಾಲ ಬೋರಲ ಮಲಗಿಬಿಟ್ಟಳು.

ದೊಡ್ಡವ್ವ ಬಿಳಿಚಿಕೊಂಡಳು. ಇಷ್ಟು ವರ್ಸದಾಗ ಕಾಲು ಕೊಡೂವಾಗ ಒಂದು ಗೋಡಿ ಸೈತ ಹಿಡಕೊಂಡಾಕಿ ಅಲ್ಲ, ಹಿಡಕೊಂಡ್ರ ಆಕಿಗೆ ಅವಮಾನ. ಈಗ ನನ್ನ ಕಡಿ ತಿರುಗಿ, ಸಣ್ಣ ದನಿಲೇ, "ನಿನ್ನ ಹೆಗಲು ಕೊಡೋ," ಅಂದಳು.

"ತಡಿ," ಅಂದೆ. ಡಬ್ಬಿಯಿಂದ ಹೊಸ ಪಟ್ಟಿ ತೆಗೆದು, ನೆಲಕ್ಕ ಕುಂತು, ನಾನ ಆಕಿ ಎಡ ಮೊಣಕಾಲಿಗೆ ಒತ್ತಿ ಹಚ್ಚಿದೆ. "ಇದು ನಿನಗೊಬ್ಬಾಕಿಗೇ. ಯಾರಿಗೂ ಪಾಲಿಲ್ಲ!"

ಆಮ್ಯಾಲ ಹೆಗಲು ಕೊಟ್ಟೆ. ದೊಡ್ಡವ್ವ ಹಿಡಕೊಂಡು ಎದ್ದಳು. ಬಲಗಾಲು ಎತ್ತಿದಳು. ಒಂದು. ಆಕಿ ಉಗುರು ಅಂಗಿ ದಾಟಿ ನನ್ನ ಹೆಗಲಾಗ ಇಳೀತು. ಎರಡು. ಆಕಿ ಮೈಯೆಲ್ಲ ನಡುಗೋದು ನನ್ನ ಎಲುಬಿಗೆ ಗೊತ್ತಾತು. ಇಷ್ಟು ದಿನ ಫೋನ್‌ನಾಗ ಆರಾಮ ಐತಾ ಅಂತ ಕೇಳಿದೋನಿಗೆ ಎಷ್ಟು ನೋವು ಐತಿ ಅಂತ ಆಗ ತಿಳೀತು, ನನ್ನ ಕಣ್ಣಾಗ ನೀರು ಬಂತು. ಮೂರು!

ಸಾವಂತ್ರಮ್ಮ ಅಂಗೈ ಊರಿ ಎದ್ದಳು. ನಡದ ಮ್ಯಾಲ ಕೈ ಇಟ್ಟು ಮೆಲ್ಲಕ ನೆಟ್ಟಗಾದಳು. "ಬಿಡ್ತವ್ವೋ! ಬಿಡ್ತು!"

ಕಾಲಿಂದ ಬಿಡ್ತೋ, ಮಲಗಿದ್ದಕ್ಕ ಬಿಡ್ತೋ ನನಗ ಗೊತ್ತಿಲ್ಲ, ಆ ಹೊತ್ತಿನಾಗ ಕೇಳೋರೂ ಇರಲಿಲ್ಲ. ನಾಟಿ ಹೆಣ್ಣುಮಕ್ಕಳು ಒಬ್ಬರ ಪಕ್ಕ ಒಬ್ಬರು ಜಮಖಾನದ ಮ್ಯಾಲ ಬೋರಲ ಮಲಗಾಕ ಹತ್ತಿದರು. ನನ್ನ ಪಟ್ಟಿ ಇಟ್ಟ ಮೇಜಿನ ಕಡಿ ಒಬ್ಬಾಕಿನೂ ತಿರುಗಿ ನೋಡಲಿಲ್ಲ. ನೋಡದಿದ್ರ ಬಿಡಲಿ!

ಕಣ್ಣು ಒರಸಿಕೊಳ್ಳಾಕ ನಾನು ಕೈ ಎತ್ತಿದೆ. ದೊಡ್ಡವ್ವ ಹೆಗಲನ್ನ ಇನ್ನಷ್ಟು ಗಟ್ಟಿ ಹಿಡಕೊಂಡು ಗದರಿದಳು:

"ಲೇ, ಅಲ್ಲಾಡಬ್ಯಾಡ. ಇನ್ನೂ ಮಂದಿ ಅದಾರ."